ವಿದ್ಯುತ್ ಸರಕು ವಾಹನಕ್ಕೆ ಹವಾ ಯಂತ್ರ: ಕೊಳ್ಳುವ ಮುನ್ನ ನೋಡಬೇಕಾದ ಲೆಕ್ಕ

ವ್ಯಾಪಾರದಲ್ಲಿ ದೊಡ್ಡ ಖರ್ಚುಗಳನ್ನು ಎಲ್ಲರೂ ಎಚ್ಚರದಿಂದ ನೋಡುತ್ತಾರೆ. ಸಣ್ಣ ಸೋರಿಕೆಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಸರಕು ಸಾಗಿಸುವ ವಾಹನದ ಟೈರಿನಲ್ಲಿರುವ ಹವಾ ಇಂತಹ ಸೋರಿಕೆಗಳಲ್ಲೊಂದು. ಅದರ ಮೇಲೆ ವಾಹನದ ಓಟ, ಟೈರಿನ ಬಾಳಿಕೆ ಮತ್ತು ಸರಕು ಹೊತ್ತಿಗೆ ಸರಿಯಾಗಿ ತಲುಪುವುದು, ಈ ಮೂರೂ ಅವಲಂಬಿಸಿವೆ. ವಿದ್ಯುತ್ ವಾಹನ ಕೊಂಡ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಈ ವಿಷಯಕ್ಕೆ ಮೊದಲಿಗಿಂತ ಹೆಚ್ಚು ಗಮನ ಕೊಡಬೇಕಾಗಿದೆ.

2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ 'ಛೋಟಾ ಹಾಥಿ' ಎಂಬ ಹೆಸರಿನಿಂದ ಊರೂರಿನ ಪೇಟೆಗಳಲ್ಲಿ ಮನೆಮಾತಾಯಿತು. ಅದೇ ಕಂಪನಿಯ ವಿದ್ಯುತ್ ಮಾದರಿಯಾದ ಏಸ್ ಇವಿ 2022ರ ಮೇ ತಿಂಗಳಿನಲ್ಲಿ ಬಂದಿತು. 600 ಕಿಲೋ ಸರಕು ಹೊರುವ ಸಾಮರ್ಥ್ಯ, 21.3 ಕಿಲೋವ್ಯಾಟ್-ಅವರ್ ಬ್ಯಾಟರಿ ಮತ್ತು ಒಮ್ಮೆ ಚಾರ್ಜ್ ಮಾಡಿದರೆ 154 ಕಿ.ಮೀ. ಎಂಬ ಪ್ರಮಾಣಿತ ಓಟ ಅದರದು. 2024ರ ಮೇ ತಿಂಗಳಿನಲ್ಲಿ ಒಂದು ಟನ್ ಹೊರುವ ಏಸ್ ಇವಿ 1000, ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹೀಂದ್ರಾದ ಜಿಯೋ, 2025ರ ಜೂನ್‌ನಲ್ಲಿ 750 ಕಿಲೋ ಹೊರುವ ಏಸ್ ಪ್ರೊ ಮಾದರಿಗಳು ಬಂದವು. ದೊಡ್ಡ ನಗರಗಳಲ್ಲಿ ಆರಂಭವಾದ ಈ ಬದಲಾವಣೆ ಇನ್ನು ತಾಲ್ಲೂಕು ಕೇಂದ್ರಗಳಿಗೂ ಬರತಕ್ಕದ್ದೇ. ಮಹಾರಾಷ್ಟ್ರದ ಗಡಿಯಲ್ಲಿದ್ದು ಜವಳಿ ವ್ಯಾಪಾರಕ್ಕೆ ಹೆಸರಾದ ಚಡಚಣ, ನಿಂಬೆಗೆ ಹೆಸರಾದ ಇಂಡಿ, ಹಾಗೆಯೇ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳಿಗೆ ದಿನವೂ ನಿಗದಿತ ದಾರಿಯಲ್ಲಿ ಹೋಗಿಬರುವ ಸಣ್ಣ ಸಾಗಣೆಯೇ ಆಧಾರ. ಇಂತಹ ಓಟಕ್ಕೆ ವಿದ್ಯುತ್ ವಾಹನ ಹೊಂದುತ್ತದೆಯೇ ಎಂದು ಅನೇಕರು ಲೆಕ್ಕ ಹಾಕುವ ಕಾಲವಿದು.

ತಪ್ಪಿಹೋದ ಒಂದು ರೂಢಿ

ಡೀಸೆಲ್ ವಾಹನದ ಚಾಲಕನು ವಾರಕ್ಕೆ ಎರಡು-ಮೂರು ಬಾರಿಯಾದರೂ ಪೆಟ್ರೋಲ್ ಬಂಕಿಗೆ ಹೋಗುತ್ತಿದ್ದನು. ಎಣ್ಣೆ ತುಂಬಿಸಿದ ಮೇಲೆ ಪಕ್ಕದಲ್ಲಿದ್ದ ಹವಾ ಪೈಪಿನ ಬಳಿ ವಾಹನ ನಿಲ್ಲಿಸುವುದು ಸಹಜವಾಗಿತ್ತು. ಉಚಿತ ಹವಾ ಒದಗಿಸುವುದು ಬಂಕುಗಳ ಕರ್ತವ್ಯವೂ ಹೌದು. ವಿದ್ಯುತ್ ವಾಹನವಾದರೋ ರಾತ್ರಿ ಗೋದಾಮಿನಲ್ಲಿ ಅಥವಾ ಮನೆಯ ಮುಂದೆ ಚಾರ್ಜ್ ಆಗುತ್ತದೆ. ಬೆಳಿಗ್ಗೆ ನೇರವಾಗಿ ಸರಕು ಹೇರಿಕೊಂಡು ಹೊರಡುತ್ತದೆ. ಬಂಕಿಗೆ ಹೋಗುವ ಕಾರಣವೇ ಇಲ್ಲವಾದಾಗ ಹವಾ ನೋಡುವ ರೂಢಿಯೂ ತಾನಾಗಿಯೇ ತಪ್ಪುತ್ತದೆ. ಡೀಸೆಲ್ ಖರ್ಚು ಉಳಿಯಿತೆಂಬ ಸಂತೋಷದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಸಾಗಿಸಬಲ್ಲ ಹವಾ ಯಂತ್ರದ, ಅಂದರೆ ಪೋರ್ಟಬಲ್ ಇನ್‌ಫ್ಲೇಟರಿನ, ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ವಿದೇಶಗಳಲ್ಲಿ ಕೆಲವು ತಯಾರಕರು ಇದನ್ನು ವಾಹನದೊಳಗೇ ಪರಿಹರಿಸಿದ್ದಾರೆ. ಅಮೆರಿಕದಲ್ಲಿ 2021ರಲ್ಲಿ ಬಂದ ರಿವಿಯನ್ ಆರ್1ಟಿ ಎಂಬ ವಿದ್ಯುತ್ ಪಿಕಪ್ಪಿನಲ್ಲಿ ಹವಾ ಕಂಪ್ರೆಸರನ್ನು ವಾಹನದಲ್ಲಿಯೇ ಅಳವಡಿಸಲಾಗಿತ್ತು. ನಮ್ಮ ಸಣ್ಣ ಸರಕು ವಾಹನಗಳ ಬೆಲೆಗೆ ಅಂತಹ ಸೌಲಭ್ಯ ನಿರೀಕ್ಷಿಸಲಾಗದು. ಮಾಲೀಕರು ಪ್ರತ್ಯೇಕವಾಗಿ ಕೊಳ್ಳಬೇಕು.

ಒತ್ತಡ ಎಷ್ಟಿರಬೇಕು?

ಪೇಟೆಯಲ್ಲಿ ಮಾರಾಟವಾಗುವ ಹೆಚ್ಚಿನ ಯಂತ್ರಗಳು ಕಾರುಗಳನ್ನು ಗಮನದಲ್ಲಿಟ್ಟು ತಯಾರಾದವು. ಕಾರಿನ ಟೈರಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ, ರೂಢಿಯ ಮಾತಿನಲ್ಲಿ 'ಪೌಂಡ್', ಸಾಕು. ಸಣ್ಣ ಸರಕು ವಾಹನಗಳ ಎಲ್‌ಟಿ ದರ್ಜೆಯ ಟೈರುಗಳಿಗೆ 50ರ ಆಸುಪಾಸು, ಕೆಲವಕ್ಕೆ ಅದಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ, ಖಾಲಿ ಓಟಕ್ಕೆ ಮತ್ತು ಪೂರ್ಣ ಭಾರಕ್ಕೆ ಬೇರೆ ಬೇರೆ ಅಂಕಿಗಳಿರಬಹುದು. ಸರಿಯಾದ ಅಂಕಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ. ಅದು ನಿತ್ಯ ತುಂಬಬೇಕಾದ ಪ್ರಮಾಣವಲ್ಲ.

ಯಂತ್ರದ ಪೆಟ್ಟಿಗೆಯ ಮೇಲೆ '150 ಪಿಎಸ್‌ಐ' ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುವುದನ್ನು ಕಂಡು ಮೋಸಹೋಗಬಾರದು. ಅದು ಆ ಯಂತ್ರ ಮುಟ್ಟಬಲ್ಲ ಕೊನೆಯ ಒತ್ತಡವೇ ಹೊರತು ಆ ಒತ್ತಡದಲ್ಲಿ ಎಷ್ಟು ಗಾಳಿ ಕೊಡುತ್ತದೆ ಎಂಬುದಲ್ಲ. ಒತ್ತಡ ಏರಿದಂತೆ ಗಾಳಿಯ ಹರಿವು ಇಳಿಯುತ್ತ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: "50 ಪೌಂಡಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್?"

ಒಂದು ಸರಳ ಲೆಕ್ಕ ಇಲ್ಲಿ ಸಹಾಯಕ. 12 ಇಂಚಿನ ಗಾಲಿಯ ಸಣ್ಣ ಟೈರಿನ ಒಳಗಿನ ಜಾಗ ಅಂದಾಜು 20 ಲೀಟರ್. ಅದನ್ನು 35ರಿಂದ 55 ಪೌಂಡಿಗೆ ಏರಿಸಲು ಹೊರಗಿನ ವಾತಾವರಣದ ಸುಮಾರು 27 ಲೀಟರ್ ಗಾಳಿಯನ್ನು ಒಳಗೆ ತುರುಕಬೇಕು. ಆ ಒತ್ತಡದಲ್ಲಿ ನಿಮಿಷಕ್ಕೆ 9 ಲೀಟರ್ ಕೊಡುವ ಯಂತ್ರಕ್ಕೆ ಒಂದು ಟೈರಿಗೆ ಮೂರು ನಿಮಿಷ, ನಾಲ್ಕಕ್ಕೆ ಹನ್ನೆರಡು ನಿಮಿಷ ಬೇಕು. ನಿಮಿಷಕ್ಕೆ 3 ಲೀಟರ್ ಮಾತ್ರ ಕೊಡುವ ಅಗ್ಗದ ಯಂತ್ರವಾದರೆ ಅರ್ಧ ಗಂಟೆಗೂ ಮೀರುತ್ತದೆ. ಅಷ್ಟರಲ್ಲಿ ಅದು ಕಾದು ನಿಂತುಹೋಗುವ ಸಂಭವವೇ ಹೆಚ್ಚು.

ಯಂತ್ರಗಳ ಬಗೆಗಳು

1. ಕಾಲಿನ ಪಂಪು: ಬೆಲೆ ಕಡಿಮೆ, ಕೆಡುವುದೂ ಕಡಿಮೆ. ಆದರೆ 50 ಪೌಂಡಿಗೆ ಏರಿಸುವುದು ಬೆವರಿಳಿಸುವ ಕೆಲಸ. ಚಾಲಕನು ನಿತ್ಯ ಮಾಡಲಾರ. ತುರ್ತಿಗೆ ಮಾತ್ರ ಯೋಗ್ಯ.

2. ಕ್ಯಾಬಿನ್ನಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಯಂತ್ರ: ಹೆಚ್ಚು ಪ್ರಚಲಿತವಾದದ್ದು. ಕೊಳ್ಳುವ ಮೊದಲು ವಾಹನದಲ್ಲಿ ಅಂತಹ ಸಾಕೆಟ್ ಇದೆಯೇ ಎಂದು ನೋಡಬೇಕು. ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ರಂಧ್ರ ಇದಕ್ಕೆ ಒದಗದು. ಸಾಕೆಟ್ಟಿನ ಫ್ಯೂಸು 10 ಆಂಪಿಯರಿನದಾದರೆ 120 ವ್ಯಾಟ್, 15 ಆಂಪಿಯರಿನದಾದರೆ 180 ವ್ಯಾಟ್‌ಗಿಂತ ದೊಡ್ಡ ಯಂತ್ರ ಅದಕ್ಕೆ ಹೊಂದದು. ಹಿಂದಿನ ಗಾಲಿಯವರೆಗೆ ತಂತಿ ಮತ್ತು ಕೊಳವೆ ಸೇರಿ ತಲುಪುತ್ತದೆಯೇ ಎಂಬುದನ್ನು ಅಂಗಡಿಯ ಮುಂದೆಯೇ ಅಳೆದು ನೋಡುವುದು ಲೇಸು.

3. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವ ಯಂತ್ರ: ಹೆಚ್ಚು ವಿದ್ಯುತ್ ಎಳೆಯುತ್ತದೆ, ಬೇಗ ತುಂಬುತ್ತದೆ. ಆದರೆ ವಿದ್ಯುತ್ ವಾಹನದಲ್ಲಿ ಅದನ್ನು 12 ವೋಲ್ಟಿನ ಸಣ್ಣ ಬ್ಯಾಟರಿಗೆ ಮಾತ್ರ ಜೋಡಿಸಬೇಕು. ಕಿತ್ತಳೆ ಬಣ್ಣದ ಹೊದಿಕೆಯುಳ್ಳ ತಂತಿಗಳು ಅಧಿಕ ವೋಲ್ಟೇಜಿನವು. ಅವುಗಳ ಹತ್ತಿರ ಕೈ ಹೋಗಲೇಬಾರದು. ವಾಹನದ ವಾರಂಟಿ ಪತ್ರ ಇಂತಹ ಜೋಡಣೆಗೆ ಅವಕಾಶ ಕೊಡುತ್ತದೆಯೇ ಎಂದೂ ಕೇಳಿಕೊಳ್ಳಬೇಕು.

4. ತನ್ನದೇ ಲಿಥಿಯಂ ಬ್ಯಾಟರಿಯುಳ್ಳ ಯಂತ್ರ: ತಂತಿಯ ತೊಡಕಿಲ್ಲ, ಹಗುರ. ಇದರ ಮಾರಾಟಗಾರರು ಸಾಮರ್ಥ್ಯವನ್ನು ಮಿಲಿಆಂಪಿಯರ್‌ಗಳಲ್ಲಿ ಹೇಳುತ್ತಾರೆ. ಅದನ್ನು ವೋಲ್ಟಿನಿಂದ ಗುಣಿಸಿ ವ್ಯಾಟ್-ಅವರ್‌ಗೆ ತಂದರೆ ನಿಜಸ್ಥಿತಿ ತಿಳಿಯುತ್ತದೆ. 7.4 ವೋಲ್ಟ್, 4,000 ಮಿಲಿಆಂಪಿಯರ್-ಅವರ್ ಎಂದರೆ ಸುಮಾರು 30 ವ್ಯಾಟ್-ಅವರ್. 120 ವ್ಯಾಟ್ ಎಳೆಯುವ ಯಂತ್ರ ಮೂರು ನಿಮಿಷಕ್ಕೆ 6 ವ್ಯಾಟ್-ಅವರ್ ಬಳಸುತ್ತದೆ. ನಾಲ್ಕು ಟೈರಿಗೆ 24. ಅಂದರೆ ಹೊಸದಿದ್ದಾಗ ಒಂದು ಸುತ್ತಿಗೆ ಮಾತ್ರ ಸಾಕಾಗುವ ಬ್ಯಾಟರಿ ಅದು. ಬಿಸಿಲಿನಲ್ಲಿ ನಿಂತ ಕ್ಯಾಬಿನ್ನಿನೊಳಗೆ ಲಿಥಿಯಂ ಬ್ಯಾಟರಿಯನ್ನು ಬಿಡುವುದೂ ಸರಿಯಲ್ಲ. ನಮ್ಮ ಜಿಲ್ಲೆಯ ಬೇಸಿಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

5. ಗೋದಾಮಿನಲ್ಲಿ ಇಡುವ ಟ್ಯಾಂಕಿನ ಕಂಪ್ರೆಸರ್: ಎರಡು-ಮೂರು ವಾಹನಗಳುಳ್ಳವರಿಗೆ, ಈಗಾಗಲೇ ಧೂಳು ಊದಲು ಅಥವಾ ಬಣ್ಣ ಹೊಡೆಯಲು ಕಂಪ್ರೆಸರ್ ಇಟ್ಟುಕೊಂಡಿರುವ ಸಣ್ಣ ಕೈಗಾರಿಕೆಗಳಿಗೆ ಇದೇ ಲಾಭದಾಯಕ. ಒಂದು ಉದ್ದನೆಯ ಕೊಳವೆ, ಒಂದು ಒಳ್ಳೆಯ ಮೀಟರು ಸೇರಿಸಿದರೆ ಸಾಕು. ಹೊಸ ಯಂತ್ರವೇ ಬೇಕಿಲ್ಲ.

ವಿದ್ಯುತ್ ವಾಹನದ ವಿಶೇಷ ಎಚ್ಚರಿಕೆ

"ಹವಾ ಯಂತ್ರ ಬಳಸಿದರೆ ವಾಹನದ ಓಟ ಕಡಿಮೆಯಾಗುವುದಿಲ್ಲವೇ?" ಎಂಬ ಸಂದೇಹ ಕೆಲವರದು. 21.3 ಕಿಲೋವ್ಯಾಟ್-ಅವರ್ ಎಂದರೆ 21,300 ವ್ಯಾಟ್-ಅವರ್. ನಾಲ್ಕು ಟೈರಿಗೆ ಬೇಕಾದ 24 ವ್ಯಾಟ್-ಅವರ್ ಅದರಲ್ಲಿ ಸಾವಿರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಓಟದಲ್ಲಿ ಇನ್ನೂರು ಮೀಟರಿನಷ್ಟೂ ಅಲ್ಲ. ಡೀಸೆಲ್ ವಾಹನದಂತೆ ಇಂಜಿನ್ ಓಡಿಸಿ ಎಣ್ಣೆ ಸುಡುವ ಪ್ರಸಂಗವೂ ಇಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. 12 ವೋಲ್ಟಿನ ಸಾಕೆಟ್ಟಿಗೆ ವಿದ್ಯುತ್ ಬರುವುದು ದೊಡ್ಡ ಬ್ಯಾಟರಿಯಿಂದ ನೇರವಾಗಿ ಅಲ್ಲ; ಸಣ್ಣ ಸಹಾಯಕ ಬ್ಯಾಟರಿಯಿಂದ. ವಾಹನ ಚಾಲೂ ಸ್ಥಿತಿಯಲ್ಲಿದ್ದಾಗ ದೊಡ್ಡ ಬ್ಯಾಟರಿಯು ಪರಿವರ್ತಕದ ಮೂಲಕ ಸಣ್ಣದನ್ನು ತುಂಬುತ್ತಿರುತ್ತದೆ. ಕೀಲಿ ಬಂದ್ ಮಾಡಿ ಹವಾ ಯಂತ್ರವನ್ನು ದೀರ್ಘಕಾಲ ಓಡಿಸಿದರೆ ಸಣ್ಣ ಬ್ಯಾಟರಿ ಇಳಿದುಹೋಗಬಹುದು. ಅದು ಇಳಿದರೆ ದೊಡ್ಡ ಬ್ಯಾಟರಿ ಪೂರ್ತಿ ತುಂಬಿದ್ದರೂ ವಾಹನ ಏಳುವುದಿಲ್ಲ. ಆದುದರಿಂದ ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ವಾಹನವನ್ನು ಚಾಲೂ ಸ್ಥಿತಿಯಲ್ಲಿಯೇ ಇರಿಸಿ ಹವಾ ತುಂಬಬೇಕು. ವಿದ್ಯುತ್ ವಾಹನ ಸದ್ದು ಮಾಡದು. ಚಾಲೂ ಇರುವುದು ಮರೆತುಹೋಗಿ ಯಾರಾದರೂ ಪೆಡಲು ಒತ್ತದಂತೆ ನೋಡಿಕೊಳ್ಳಬೇಕು.

ಬಿಸಿಲು, ಮುಳ್ಳು ಮತ್ತು ಟ್ಯೂಬು

ಹವಾವನ್ನು ಯಾವಾಗಲೂ ಟೈರು ತಣ್ಣಗಿರುವಾಗ, ಬೆಳಗಿನ ಹೊತ್ತು ಅಳೆಯಬೇಕು. 55 ಪೌಂಡಿನ ಟೈರಿನಲ್ಲಿ ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಸುಮಾರು 2.3 ಪೌಂಡ್ ಏರುತ್ತದೆ. ಮಧ್ಯಾಹ್ನ ಕಾದ ಟೈರಿನಲ್ಲಿ ಹೆಚ್ಚು ತೋರಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿಯೇ ಇರುತ್ತದೆ. ಹಾಗೆಯೇ ಮೇ ತಿಂಗಳಿನಲ್ಲಿ ಸರಿಯಾಗಿದ್ದ ಹವಾ ಡಿಸೆಂಬರಿನ ಚಳಿಯಲ್ಲಿ ತಾನಾಗಿಯೇ ಇಳಿದಿರುತ್ತದೆ.

ನಿಂಬೆ, ದಾಳಿಂಬೆ ತೋಟಗಳ ದಾರಿಯಲ್ಲಿ ಜಾಲಿಮುಳ್ಳಿನ ಕಾಟ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಟೈರಿನ ಬಗೆಯನ್ನು ತಿಳಿದಿರಬೇಕು. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ನಿಧಾನವಾಗಿ ಹೋಗುತ್ತದೆ; ಹವಾ ಯಂತ್ರದಿಂದ ತುಂಬಿಕೊಂಡು ಪಂಕ್ಚರ್ ಅಂಗಡಿ ತಲುಪಬಹುದು. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ಒಮ್ಮೆಗೇ ಹೋಗುವುದು ಹೆಚ್ಚು. ಆಗ ಯಂತ್ರವಿದ್ದರೂ ಪ್ರಯೋಜನವಿಲ್ಲ, ಸ್ಟೆಪ್ನಿಯೇ ಗತಿ. ಟ್ಯೂಬ್ ಟೈರಿನ ವಾಹನದವರು ಹವಾ ಯಂತ್ರವನ್ನು ಪಂಕ್ಚರಿಗೆ ಪರಿಹಾರವೆಂದು ಭಾವಿಸದೆ, ನಿತ್ಯದ ಒತ್ತಡ ಕಾಯುವ ಸಾಧನವೆಂದು ಮಾತ್ರ ತಿಳಿಯಬೇಕು. ಎರಡೂ ಬಗೆಗಳಿಗೆ ಅನ್ವಯಿಸುವ ಮತ್ತೊಂದು ಮಾತು: ಹವಾ ಇಲ್ಲದೆ ಭಾರ ಹೊತ್ತು ಓಡಿದ ಟೈರಿನ ಒಳಮೈ ಹರಿದಿರಬಹುದು. ಅಂತಹ ಟೈರಿಗೆ ರಸ್ತೆಯ ಬದಿಯಲ್ಲಿ ಹವಾ ತುಂಬುವುದು ಪ್ರಾಣಾಪಾಯ. ಬಿಚ್ಚಿ ಪರೀಕ್ಷಿಸಿದ ನಂತರವೇ ತುಂಬಬೇಕು.

ಲಾಭ-ನಷ್ಟದ ಲೆಕ್ಕ

ಚಡಚಣದ ಒಬ್ಬ ಜವಳಿ ವರ್ತಕರ ವಾಹನ ವರ್ಷಕ್ಕೆ 25,000 ಕಿ.ಮೀ. ಓಡುತ್ತದೆ, ಕಿಲೋಮೀಟರಿಗೆ 0.18 ಯೂನಿಟ್ ವಿದ್ಯುತ್ ಬಳಸುತ್ತದೆ, ಯೂನಿಟ್ಟಿಗೆ 8 ರೂ. ಎಂದು ಇಟ್ಟುಕೊಳ್ಳಬಹುದು. ವಾರ್ಷಿಕ ವಿದ್ಯುತ್ 4,500 ಯೂನಿಟ್, ಖರ್ಚು 36,000 ರೂ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ಎಲ್ಲ ಟೈರುಗಳ ಸರಾಸರಿ ಒತ್ತಡ ಒಂದು ಪೌಂಡ್ ಇಳಿದರೆ ಕಾರಿನ ಇಂಧನ ಕ್ಷಮತೆ ಶೇ. 0.2ರಷ್ಟು ಇಳಿಯುತ್ತದೆ. ಇದನ್ನೇ ಮಾರ್ಗದರ್ಶಿಯಾಗಿ ಹಿಡಿದರೆ 10 ಪೌಂಡ್ ಕೊರತೆಗೆ ಶೇ. 2, ಅಂದರೆ 720 ರೂ. ನಷ್ಟ.

ಟೈರಿನ ಲೆಕ್ಕ ಇದಕ್ಕಿಂತ ದೊಡ್ಡದು. ನಾಲ್ಕು ಟೈರಿಗೆ 16,000 ರೂ., ಬಾಳಿಕೆ 40,000 ಕಿ.ಮೀ. ಎಂದರೆ ಕಿಲೋಮೀಟರಿಗೆ 40 ಪೈಸೆ. ಹವಾ ಕೊರತೆಯಿಂದ ಬಾಳಿಕೆ ಶೇ. 10ರಷ್ಟು ಕುಗ್ಗಿದರೂ ಅದು 44.4 ಪೈಸೆಗೆ ಏರಿ ವರ್ಷಕ್ಕೆ ಸುಮಾರು 1,100 ರೂ. ಹೆಚ್ಚು ಬೀಳುತ್ತದೆ. ಎರಡೂ ಸೇರಿ 1,800 ರೂ. ದಾಟಿತು. 3,000 ರೂ. ಬೆಲೆಯ ಯಂತ್ರ ಮೂರು ವರ್ಷ ಬಾಳಿದರೆ ವಾರ್ಷಿಕ ವೆಚ್ಚ 1,000 ರೂ. ಉಳಿತಾಯ ಸುಮಾರು 800 ರೂ. ಹನಿಹನಿಗೂಡಿದರೆ ಹಳ್ಳ ಎಂಬಂತೆ ಇದು ನಿಜವಾದ ಲಾಭವೇ. ಆದರೆ ದೊಡ್ಡ ಲಾಭವಲ್ಲ. 10,000 ರೂ.ಗಳ ಯಂತ್ರ ಕೊಂಡರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಈ ಲೆಕ್ಕದಲ್ಲಿ ಸೇರದ ಬಾಬತ್ತೊಂದಿದೆ. ಮದುವೆಯ ಹಂಗಾಮಿನಲ್ಲಿ ಜವಳಿ ಗಂಟುಗಳನ್ನು ಹೇರಿಕೊಂಡ ವಾಹನ ನಡುದಾರಿಯಲ್ಲಿ ನಿಂತರೆ, ನಿಂಬೆಯ ಚೀಲಗಳು ಸವಾಲಿನ ಹೊತ್ತು ಮೀರಿ ಮಾರುಕಟ್ಟೆ ತಲುಪಿದರೆ ಆಗುವ ನಷ್ಟ ಒಂದೇ ದಿನದಲ್ಲಿ ಯಂತ್ರದ ಬೆಲೆಯನ್ನು ಮೀರಬಹುದು. ಓಟದ ಅಂಚೂ ಹೀಗೆಯೇ. ಹೋಗಿಬರುವ ದಾರಿ 100 ಕಿ.ಮೀ. ಇದ್ದು, ಭಾರದೊಂದಿಗೆ ವಾಹನ ಓಡುವುದು 110 ಕಿ.ಮೀ. ಎಂದಾದರೆ ಶೇ. 2ರ ಕೊರತೆಗೂ ಬೆಲೆ ಇದೆ.

ಇದಕ್ಕೆ ವಿರುದ್ಧವಾದ ಪಕ್ಷವನ್ನೂ ಹೇಳಬೇಕು. ನಿತ್ಯದ ದಾರಿಯಲ್ಲಿ ಬಂಕ್ ಇದ್ದು, ಚಾಲಕನು ವಾರಕ್ಕೊಮ್ಮೆ ನಿಲ್ಲಿಸುವ ನಿಯಮ ಮಾಡಿಕೊಂಡರೆ ಕೆಲವು ನೂರು ರೂಪಾಯಿಗಳ ಒಂದು ಒಳ್ಳೆಯ ಮೀಟರೇ ಸಾಕು. ಯಂತ್ರ ಕೊಂಡು ಸೀಟಿನ ಕೆಳಗೆ ಇಟ್ಟರೆ ಉಳಿತಾಯ ಶೂನ್ಯ. ಮೀಟರನ್ನಾದರೂ ಪ್ರತಿ ಸೋಮವಾರ ಬಳಸುವವನೇ ಲಾಭ ಪಡೆಯುತ್ತಾನೆ.

ತೆರಿಗೆ ಮತ್ತು ಬಿಲ್ಲು

ವಿದ್ಯುತ್ ವಾಹನದ ಮೇಲಿನ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ. 5. ಸರಕು ವಾಹನಗಳ ಟೈರಿನ ಮೇಲೆ ಇದ್ದ ಶೇ. 28 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ವಿದ್ಯುತ್ ಹವಾ ಯಂತ್ರದ ಮೇಲೆ ಶೇ. 18 ತೆರಿಗೆ ಇದೆ. 3,000 ರೂ. ಯಂತ್ರಕ್ಕೆ 540 ರೂ. ಸೇರಿ 3,540 ರೂ. ಆಗುತ್ತದೆ. ಈ 540 ರೂ. ಮರಳುವುದೇ ಎಂಬುದು ವರ್ತಕರ ಸ್ಥಿತಿಯನ್ನು ಅವಲಂಬಿಸಿದೆ.

ಪ್ರಯಾಣಿಕರ ಸಣ್ಣ ವಾಹನಗಳಿಗೆ ಇರುವ ಹೂಡುವಳಿ ತೆರಿಗೆ ನಿರ್ಬಂಧ ಸರಕು ವಾಹನಗಳಿಗೆ ಅನ್ವಯಿಸದು. ಆದುದರಿಂದ ಸಾಮಾನ್ಯ ನೋಂದಣಿಯ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಪಡೆದು, ಅದು 2ಬಿ ತಖ್ತೆಯಲ್ಲಿ ಬಂದಿರುವುದನ್ನು ನೋಡಿಕೊಂಡು, ಕ್ರೆಡಿಟ್ ಪಡೆಯಬಹುದು. ಕಾಂಪೋಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ. ತಾಜಾ ನಿಂಬೆ, ದಾಳಿಂಬೆಗಳಂತಹ ತೆರಿಗೆ ವಿನಾಯಿತಿಯ ಸರಕುಗಳಲ್ಲಿ ಮಾತ್ರ ವ್ಯವಹರಿಸುವವರಿಗೂ ಇಲ್ಲ. ಅವರಿಗೆ 3,540 ರೂ.ಗಳೇ ನಿಜವಾದ ಬೆಲೆ. ಕ್ರೆಡಿಟ್ ಪಡೆದ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಇಂತಹ ಖರ್ಚಿಗೆ ಪ್ರತ್ಯೇಕ ಕಡಿತವೂ ಸಿಗದು.

ಬಿಲ್ಲಿಗೆ ಇನ್ನೊಂದು ಮಹತ್ವವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ 'ಗ್ರಾಹಕ'ರಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡವರಿಗೆ ಮಾತ್ರ ವಿನಾಯಿತಿ. ಹೀಗಿರುವಾಗ ಯಂತ್ರ ಕೆಟ್ಟರೆ ವರ್ತಕರ ಕೈಯಲ್ಲಿ ಉಳಿಯುವ ಮುಖ್ಯ ಆಧಾರ ವಾರಂಟಿ ಪತ್ರವೇ. ಕೆಲವು ಪತ್ರಗಳಲ್ಲಿ ವಾಣಿಜ್ಯ ಬಳಕೆಗೆ ವಾರಂಟಿ ಇಲ್ಲವೆಂಬ ಷರತ್ತು ಸಣ್ಣ ಅಕ್ಷರಗಳಲ್ಲಿ ಇರಬಹುದು. ಹಣ ಕೊಡುವ ಮೊದಲೇ ಓದಬೇಕು. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಮತ್ತು ದೂರಿಗೆ ಸಂಪರ್ಕಿಸುವ ವಿವರ ಇರತಕ್ಕದ್ದೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಇವಿಲ್ಲದ ಸರಕನ್ನು ಎಷ್ಟು ಅಗ್ಗವಾದರೂ ಬಿಡುವುದೇ ಕ್ಷೇಮ.

ಕೊಳ್ಳುವಾಗ ಕೇಳಬೇಕಾದ ಆರು ಪ್ರಶ್ನೆಗಳು

1. ವಾಹನದ ಪೂರ್ಣ ಭಾರದ ಒತ್ತಡ ಎಷ್ಟು? ಯಂತ್ರ ಆ ಒತ್ತಡದಲ್ಲಿ ಸಾಕಷ್ಟು ಗಾಳಿ ಕೊಡುತ್ತದೆಯೇ?
2. ಎಷ್ಟು ನಿಮಿಷ ಸತತವಾಗಿ ಓಡಬಲ್ಲದು, ಎಷ್ಟು ನಿಮಿಷ ತಣಿಯಬೇಕು?
3. ನಿಗದಿತ ಒತ್ತಡ ಮುಟ್ಟಿದಾಗ ತಾನಾಗಿಯೇ ನಿಲ್ಲುತ್ತದೆಯೇ?
4. ಅದರ ಮೀಟರು ಬೇರೆ ಒಳ್ಳೆಯ ಮೀಟರಿಗೆ ತಾಳೆಯಾಗುತ್ತದೆಯೇ?
5. ತಂತಿ ಮತ್ತು ಕೊಳವೆ ಹಿಂದಿನ ಗಾಲಿಗೆ ತಲುಪುತ್ತವೆಯೇ? ಫ್ಯೂಸು ತಡೆಯುತ್ತದೆಯೇ?
6. ದುರಸ್ತಿ ಎಲ್ಲಿ? ವಿಜಯಪುರ ಅಥವಾ ಸೊಲ್ಲಾಪುರದಲ್ಲಿ ಬಿಡಿಭಾಗ ಸಿಗುತ್ತದೆಯೇ?

ಈ ಪ್ರಶ್ನೆಗಳಿಗೆ ಅಂಗಡಿಯವರು ಬಾಯಿಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ, ನಿಂತಿರುವ ವಾಹನದ ಹಿಂದಿನ ಟೈರಿಗೆ ಹತ್ತು ಪೌಂಡ್ ತುಂಬಿಸಿ ತೋರಿಸುವುದು ಹೆಚ್ಚು ನಂಬಿಗೆಯ ಮಾತು. ಸ್ಥಳೀಯ ಅಂಗಡಿಯಲ್ಲಿ ಕೊಳ್ಳುವುದರ ಅನುಕೂಲವೂ ಇದೇ.

ಯಂತ್ರ ಬಂದ ದಿನವೇ ಮತ್ತೊಂದು ಕೆಲಸ ಆಗಬೇಕು. ಗೋದಾಮಿನ ಚಾರ್ಜಿಂಗ್ ಸ್ಥಳದ ಗೋಡೆಗೆ ಒಂದು ಹಾಳೆ ಅಂಟಿಸಿ, ಮುಂದಿನ ಮತ್ತು ಹಿಂದಿನ ಗಾಲಿಗಳ ಸರಿಯಾದ ಅಂಕಿಗಳನ್ನು ಮೇಲೆ ಬರೆದು, ಪ್ರತಿ ವಾರದ ದಿನಾಂಕ, ನಾಲ್ಕು ಗಾಲಿಗಳ ಅಳತೆ ಮತ್ತು ಚಾಲಕನ ಸಹಿಗೆ ಅಂಕಣ ಹಾಕಬೇಕು. ಒಂದೇ ಗಾಲಿಯಲ್ಲಿ ವಾರವಾರವೂ ಇಳಿಕೆ ಕಂಡರೆ ಅಲ್ಲಿ ಮುಳ್ಳೋ ವಾಲ್ವಿನ ದೋಷವೋ ಇದೆಯೆಂದು ಆ ಹಾಳೆಯೇ ಹೇಳುತ್ತದೆ. ರೋಕಡ ಪುಸ್ತಕವನ್ನು ದಿನವೂ ಬರೆಯುವ ವರ್ತಕರಿಗೆ ಈ ನಾಲ್ಕು ಅಂಕಿಗಳು ಹೊರೆಯಾಗಲಾರವು.